ಒನಕೆಯ ನಾಡಿ

ಹೊಳೆಯ ದಂಡೆಗೊಂದು ಆಶ್ರಮ. ಹೆಸರಿಗಷ್ಟೇ ಆಶ್ರಮ, ಇದ್ದದ್ದು ಕೆಲವು ಗುಡಿಸಲು, ಒಂದು ಬೇವಿನ ಮರ, ಮರದ ಕೆಳಗೊಂದು ಒರಳು. ಅಲ್ಲಿ ಧೂಪಕ್ಕಿಂತ ಕಷಾಯದ ವಾಸನೆಯೇ ಹೆಚ್ಚು.

ಗುರು ಹಾಲಯ್ಯನವರು ನಾಡಿ ಹಿಡಿದು ರೋಗ ಹೇಳುತ್ತಿದ್ದರು, ಬೇರು ಸೊಪ್ಪು ಕೊಟ್ಟು ವಾಸಿ ಮಾಡುತ್ತಿದ್ದರು. ಆ ವರ್ಷ ಮಳೆ ನಿಲ್ಲುವ ಹೊತ್ತಿಗೆ ಅವರ ಬೆರಳುಗಳು ಜಡವಾದವು. ಬಿಸಿ ಯಾವುದು ತಣ್ಣಗಿನದು ಯಾವುದು ಎಂದೂ ತಿಳಿಯದಾಯಿತು.

ಅವರು ಶಿಷ್ಯ ಕೊಟ್ರಯ್ಯನನ್ನು ಕರೆದರು.

"ನನ್ನ ಬೆರಳು ಸತ್ತಾವು. ಇನ್ಮ್ಯಾಲೆ ನಾಡಿ ನೋಡೋದು ನೀನು."

ಮೀಸೆ ಮೂಡುವ ಮೊದಲೇ ಬಂದು ಸೇರಿದವನು ಕೊಟ್ರಯ್ಯ. ಇಂಥ ದಿನಕ್ಕಾಗಿಯೇ ಕಾದಿದ್ದವನು. ಆದರೂ ಈ ಮಾತು ಕೇಳಿ ಅವನು ಗುರುಗಳ ಕೈಯತ್ತಲೇ ಕೈ ಚಾಚಿದ.

"ಅಪ್ಪಾರ, ಮೊದಲು ನಿಮ್ಮ ನಾಡಿ ನೋಡ್ತೀನ್ರಿ. ಬೆರಳು ಯಾಕ ಹಿಂಗಾದ್ವು ಅಂತ ತಿಳೀಬೇಕಲ್ರಿ."

ಗುರುಗಳು ಕೈಯನ್ನು ಶಾಲಿನೊಳಗೆ ಎಳೆದುಕೊಂಡರು.

"ನಿನಗ ನೋಡಾಕ ಬರಲಿ. ಆಮ್ಯಾಲೆ ನೋಡೀಯಂತ."

ಆ ಮಾತು ಕೊಟ್ರಯ್ಯನಿಗೆ ಮುಳ್ಳಿನಂತೆ ನಾಟಿತು. ಅಂದಿನಿಂದ ಅವನು ಕೂತದ್ದನ್ನು ಯಾರೂ ನೋಡಲಿಲ್ಲ. ಕುಟ್ಟುವುದು, ಅರೆಯುವುದು, ಸೋಸುವುದು, ನಡುನಡುವೆ ಓಡಿ ಹೋಗಿ ಯಾರದಾದರೂ ಕೈ ಹಿಡಿಯುವುದು. ಒಂದು ಗಳಿಗೆ ಸುಮ್ಮನಿದ್ದರೆ ಆ ಗಳಿಗೆಯಲ್ಲೇ ಯಾರದೋ ಜೀವ ಜಾರಿಬಿಡುತ್ತದೆ ಎಂಬ ಭಯ. ಊಟವನ್ನೂ ನಿಂತೇ ಮಾಡುತ್ತಿದ್ದ. ಗುರುಗಳ ಶಾಲಿನ ಕಡೆಗೊಮ್ಮೆ ನೋಡಿ ಮತ್ತೆ ಓಡುತ್ತಿದ್ದ.

ಹೀಗಿರುವಾಗ ಅಂಬಿಗರ ಸೊಸೆ ಹನುಮವ್ವನನ್ನು ಹೊತ್ತು ತಂದರು. ಹಸಿ ಬಾಣಂತಿ, ಮೈ ಕೆಂಡ. ಜೊತೆಗೆ ಅತ್ತೆ ದುರುಗವ್ವ, ದುರುಗವ್ವನ ಸೆರಗಿನಲ್ಲಿ ಇನ್ನೂ ಹೆಸರಿಡದ ಕೂಸು.

"ಅಯ್ಯಾ, ಈ ಕೂಸಿನ ಮಾರಿ ನೋಡಿ ಹೆಂಗಾರ ಮಾಡಿ ಆಕೀನ್ನ ಉಳಿಸು," ಎಂದಳು ದುರುಗವ್ವ.

ಮರುದಿನ ಬೆಳಗಿನಿಂದ ಕೊಟ್ರಯ್ಯ ಒನಕೆ ಕೆಳಗಿಡಲಿಲ್ಲ. ಬೇರು ಕುಟ್ಟಿದ, ಕಷಾಯ ಕುದಿಸಿದ, ಬಟ್ಟೆ ಒದ್ದೆ ಮಾಡಲು ಹೊಳೆಗೆ ಓಡಿದ, ಬಂದು ನಾಡಿ ಹಿಡಿದ. ಮತ್ತೆ ಕುಟ್ಟಿದ, ಮತ್ತೆ ಓಡಿದ, ಮತ್ತೆ ನಾಡಿ ಹಿಡಿದ. ಹಿಡಿದಾಗಲೆಲ್ಲ ಅದು ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಅದರ ಹಿಂದೆ ಕೊಟ್ರಯ್ಯನೂ ಓಡುತ್ತಿದ್ದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನು ಏದುಸಿರು ಬಿಡುತ್ತ, ಹೊರಗೆ ಹಲಗೆಯ ಮೇಲೆ ಕೂತಿದ್ದ ಗುರುಗಳ ಮುಂದೆ ನಿಂತ.

"ಅಪ್ಪಾರ, ಕರೇ ಡಬ್ಬಿ ಕೊಡ್ರಿ."

ಆ ಕರಿ ಡಬ್ಬಿ ಗುರುಗಳ ತಲೆದಿಂಬಿನ ಕೆಳಗಿರುತ್ತಿತ್ತು. ಅದರೊಳಗೆ ವಿಷದ ಬೇರಿನ ಗುಳಿಗೆ. ಹುಚ್ಚೆದ್ದು ಓಡುವ ನಾಡಿಯನ್ನು ಅದು ಹಿಡಿದು ನಿಲ್ಲಿಸುತ್ತದೆ. ನೆಟ್ಟಗಿರುವ ನಾಡಿಗೆ ಕೊಟ್ಟರೆ ಅದನ್ನೂ ನಿಲ್ಲಿಸುತ್ತದೆ. ಮತ್ತೆ ಅದು ಏಳುವುದಿಲ್ಲ. ಕೊಟ್ರಯ್ಯ ಅದನ್ನು ಕೇಳಿದ್ದು ಇದೇ ಮೊದಲು.

"ನಾಡಿ ಹೆಂಗೈತಿ?"

"ಕಪ್ಪಿ ಜಿಗಿದಂಗ ಜಿಗ್ಯಾಕತ್ತೈತ್ರಿ. ಇನ್ನು ತಡ ಮಾಡಿದ್ರ ಆಕಿ ಉಳಿಯಂಗಿಲ್ರಿ."

"ಮೈ ಬೆವತೈತೇನು?"

"ನಾಡಿ ಹಂಗ ಓಡುವಾಗ ಮೈ ಯಾರು ನೋಡ್ತಾರ್ರಿ?"

ಗುರುಗಳು ಡಬ್ಬಿ ತೆಗೆದು ಅವನ ಅಂಗೈಯಲ್ಲಿಟ್ಟರು.

"ನೀ ನೋಡಿದ್ದು ಖರೇ ಆದ್ರ ಕೊಡು. ಅದಕ್ಕೂ ಮೊದಲು ಆ ಒನಕಿ ತಗೊಂಬಾ."

ಕೊಟ್ರಯ್ಯ ಓಡಿ ಹೋಗಿ ತಂದ.

"ಇದರ ನಾಡಿ ನೋಡು."

"ಅಪ್ಪಾರ! ಚ್ಯಾಷ್ಟಿ ಮಾಡೋ ಹೊತ್ತೇನ್ರಿ ಇದು?"

"ನೋಡಂದೆ."

ಗುರುವಿನ ಮಾತು ಮೀರುವಂತಿಲ್ಲ. ಗುಡಿಸಲೊಳಗಿರುವವಳನ್ನು ಬಿಟ್ಟಿರುವಂತೆಯೂ ಇಲ್ಲ. ಕೊಟ್ರಯ್ಯ ಹಲ್ಲು ಕಚ್ಚಿ ಒನಕೆಯ ಮೇಲೆ ಮೂರು ಬೆರಳನ್ನು ಒತ್ತಿದ. ಏನೂ ಇಲ್ಲ ಎಂದು ಹೇಳಿ ಎದ್ದುಬಿಡಬೇಕೆಂದು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು.

ಒಣಗಿದ ಮರದೊಳಗೆ ಏನೋ ಜಿಗಿಯುತ್ತಿತ್ತು.

ಬೆರಳು ಸರಿಸಿ ನೋಡಿದ. ಅಲ್ಲೂ ಇತ್ತು. ತುದಿಯಲ್ಲಿ ನೋಡಿದ, ಬುಡದಲ್ಲಿ ನೋಡಿದ. ಇಡೀ ಒನಕೆಗೇ ಜ್ವರ ಬಂದಂತಿತ್ತು.

"ಅಪ್ಪಾರ... ಒನಕಿಗೆ ನಾಡಿ ಐತ್ರಿ."

"ಹೆಂಗೈತಿ?"

"ಜಿಗ್ಯಾಕತ್ತೈತ್ರಿ."

"ಹಂಗಾರ ಇದಕ್ಕೂ ಒಂದು ಗುಳಿಗಿ ಕೊಡು."

ಕೊಟ್ರಯ್ಯ ಬೆರಳುಗಳನ್ನು ಎತ್ತಿ ನೋಡಿಕೊಂಡ. ಕುಟ್ಟಿ ಕುಟ್ಟಿ ತುದಿಗಳು ಕೆಂಪಾಗಿದ್ದವು, ಒಂದೊಂದೂ ಪಟಪಟ ಮಿಡಿಯುತ್ತಿತ್ತು. ಬೆಳಗಿನಿಂದ ಹನುಮವ್ವನ ಕೈ ಹಿಡಿದು ಅವನು ನೋಡಿದ್ದು ಇದನ್ನೇ.

"ಹಂಗಾರ ಆಕಿ ನಾಡಿ ಹೆಂಗೈತ್ರಿ?"

"ನನಗೇನು ಗೊತ್ತು? ನನ್ನ ಬೆರಳು ಸತ್ತಾವು. ನೀನೋ, ಇನ್ನೂ ನೋಡೇ ಇಲ್ಲ."

"ಈಗ್ಲೇ ನೋಡಿ ಬರ್ತೀನ್ರಿ!"

"ಕೂಡು," ಎಂದರು ಗುರುಗಳು. "ಒನಕಿ ನಾಡಿ ನಿಂತ ಮ್ಯಾಲೆ ಎದ್ದು ಹೋಗು."

"ಅಷ್ಟರಾಗ ಆಕಿ ಜೀವ ಹೋದ್ರ?"

"ಹೋಗಬಾರದು ಅಂತನ ಕೂಡು."

ಇಷ್ಟು ಹೇಳಿ ಅವರು ಹಲಗೆಯ ಮೇಲೆ ಮೈ ಚಾಚಿದರು. ಸ್ವಲ್ಪ ಹೊತ್ತಿಗೆಲ್ಲ ಗೊರಕೆಯೂ ಕೇಳಿಸಿತು.

ಕೊಟ್ರಯ್ಯ ಕೂತ. ಮಡಿಲಲ್ಲಿ ಕರಿ ಡಬ್ಬಿ, ತೊಡೆಯ ಮೇಲೆ ಒನಕೆ, ಒನಕೆಯ ಮೇಲೆ ಮೂರು ಬೆರಳು. 'ನಿಲ್ಲು, ನಿಲ್ಲು' ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬೇಡಿದಷ್ಟೂ ಅದು ಕುಣಿಯಿತು.

ಒಳಗೆ ಕೂಸು ಅತ್ತಿತು. ಅವನ ಎದೆ ಡವಗುಟ್ಟಿತು, ಅದರೊಂದಿಗೆ ಒನಕೆಯೂ.

ದುರುಗವ್ವ ಬಾಗಿಲಿಗೆ ಬಂದು ಗದರಿದಳು. "ಏನಪಾ, ಔಷಧ ತರ್ತೀನಿ ಅಂತ ಹೋದಾಂವ ಇಲ್ಲಿ ಒನಕಿ ತೊಡೀ ಮ್ಯಾಲೆ ಹಾಕ್ಕೊಂಡು ಕುಂತೀಯಲ್ಲ! ಅದೇನು ನಿನ್ನ ಕೂಸೇನು?"

ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಏಳಲು ಹೋದ, ಮತ್ತೆ ಕೂತ. ಗುರುಗಳ ಮೇಲೆ ವಿಪರೀತ ಸಿಟ್ಟು ಬಂತು. ಒಂದು ಜೀವ ಒಳಗೆ ಒದ್ದಾಡುತ್ತಿರುವಾಗ ಈ ಮುದುಕನಿಗೆ ನಿದ್ದೆ ಹೇಗೆ ಹತ್ತುತ್ತದೆ? ಸಿಟ್ಟಿನ ಹಿಂದೆಯೇ ಅಳು ಬಂತು. ಇಷ್ಟು ದಿನ ಓಡಿದ್ದರಿಂದಲೇ ಅಳುವುದಕ್ಕೂ ಅವನಿಗೆ ಪುರಸೊತ್ತಾಗಿರಲಿಲ್ಲ. ಈಗ ಕೂತು ಅತ್ತ.

ಅತ್ತಾದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಇರುವೆಗಳು ಬೇವಿನ ಕಾಂಡ ಹತ್ತುತ್ತಿದ್ದವು. ದೋಣಿಗೆ ನೀರು ಬಡಿಯುವ ಸದ್ದು ಕೇಳುತ್ತಿತ್ತು. ಆ ಸದ್ದು ದಿನವೂ ಇತ್ತೇ ಎಂದು ಅವನು ಯೋಚಿಸಿದ. ಹೆಗಲು ತಾನಾಗಿ ಇಳಿಯಿತು, ಒಂದು ಉದ್ದ ಉಸಿರು ಹೊರಗೆ ಬಂತು. ನಾಡಿಯನ್ನು ನೋಡುವುದೇ ಅವನಿಗೆ ಮರೆತುಹೋಯಿತು.

ನೆನಪಾದಾಗ ಬೆರಳ ಕೆಳಗೆ ಬರೀ ಒನಕೆ ಇತ್ತು.

ಅವನು ಎದ್ದ. ಓಡಲಿಲ್ಲ. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿ, ಒನಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಹೋಗಿ ಹನುಮವ್ವನ ಪಕ್ಕ ಕೂತು ಅವಳ ಎಡಗೈ ಹಿಡಿದ.

ಏನೂ ಸಿಗಲಿಲ್ಲ.

ಜೀವ ಬಾಯಿಗೆ ಬಂತು. ಬೆರಳು ಮತ್ತೆ ಪಟಪಟ ಎನ್ನತೊಡಗಿತು, ಕೂಡಲೇ ಅವಳ ಕೈಯಲ್ಲೂ ನಾಡಿ ಜಿಗಿಯತೊಡಗಿತು. ಕೊಟ್ರಯ್ಯ ಕೈ ತೆಗೆದ. ಒನಕೆಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಬೆರಳಿಟ್ಟ. ದುರುಗವ್ವ ಏನೋ ಹೇಳಲು ಬಂದವಳು ಅವನ ಮುಖ ನೋಡಿ ಕೂಸನ್ನು ತಟ್ಟುತ್ತ ಹಿಂದೆ ಸರಿದಳು.

ಒನಕೆ ಮತ್ತೆ ಮರವಾದ ಮೇಲೆ ಅವನು ಹನುಮವ್ವನ ಕೈ ಹಿಡಿದ. ಈಗ ಸಿಕ್ಕಿತು. ಸಣ್ಣಗೆ, ನಿಧಾನವಾಗಿ, ದಣಿದವರು ದಾರಿ ನಡೆದಂತೆ ನಡೆಯುತ್ತಿತ್ತು. ಎಲ್ಲೂ ಎಡವುತ್ತಿರಲಿಲ್ಲ. ಆಗ ಅವನು ಅವಳ ಮುಖ ನೋಡಿದ. ಹಣೆಯ ಮೇಲೆ ಬೆವರಿತ್ತು, ಮೈ ತಣ್ಣಗಿತ್ತು. ಜ್ವರ ಯಾವಾಗಲೋ ಬಿಟ್ಟುಹೋಗಿತ್ತು.

ಸೊಂಟದಲ್ಲಿದ್ದ ಡಬ್ಬಿ ಅವನಿಗೆ ಕಲ್ಲಿನಷ್ಟು ಭಾರವೆನಿಸಿತು.

"ಏನಂತೈತಿ ನಾಡಿ?" ಎಂದು ದುರುಗವ್ವ ಪಿಸುಗುಟ್ಟಿದಳು.

"ಉಳಿದ್ಲಬೇ. ನಿದ್ದಿ ಮಾಡ್ಲಿ. ಯಾರೂ ಎಬ್ಬಿಸಬ್ಯಾಡ್ರಿ."

"ಬೆಳಗಿಂದ ಎಬ್ಬಿಸಿ ಎಬ್ಬಿಸಿ ಕೈ ಹಿಡದಾಂವ ನೀನ," ಎಂದಳು ದುರುಗವ್ವ. ಹೇಳುತ್ತ ನಕ್ಕಳು, ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊಟ್ರಯ್ಯ ಹೊರಗೆ ಬಂದಾಗ ಗುರುಗಳು ಎದ್ದು ಕೂತಿದ್ದರು. ನಿಜಕ್ಕೂ ಮಲಗಿದ್ದರೋ ಇಲ್ಲವೋ, ಆ ಹೊಳೆಗೇ ಗೊತ್ತು. ಅವನು ಡಬ್ಬಿಯನ್ನು ಅವರ ಮುಂದಿಟ್ಟು ತಲೆ ತಗ್ಗಿಸಿದ.

"ನನ್ನ ಕೈಯಾರೆ ಆಕೀನ್ನ ಕೊಲ್ಲತಿದ್ದೆ ಅಪ್ಪಾರ."

"ಕೊಲ್ಲಲಿಲ್ಲ."

"ನೀವು ಕೂಡಸಿದ್ದಕ್ಕರಿ."

"ನೀ ಕುಂತಿದ್ದಕ್ಕ."

ಹೊಳೆಯ ಆಚೆ ದಡದಲ್ಲಿ ಬಿಸಿಲು ಹಳದಿಗೆ ತಿರುಗುತ್ತಿತ್ತು.

ಆಮೇಲೆ ಗುರುಗಳು ಶಾಲು ಸರಿಸಿ, ಬಲಗೈಯನ್ನು ಹೊರಗೆ ತೆಗೆದು ಅವನ ಮುಂದೆ ಚಾಚಿದರು.

"ನೋಡು."

ಎಷ್ಟು ದಿನಗಳಿಂದ ಬಯಸಿದ ಕೈ ಅದು. ಈಗ ಎದುರಿಗೇ ಇತ್ತು. ಮಣಿಕಟ್ಟು ಅವನು ಅಂದುಕೊಂಡಿದ್ದಕ್ಕಿಂತ ಬಹಳ ಸೊರಗಿತ್ತು. ಆ ಚರ್ಮದ ಕೆಳಗೆ ಏನಿದೆಯೋ, ಇನ್ನೆಷ್ಟು ಉಳಿದಿದೆಯೋ ಎಂದು ಕೊಟ್ರಯ್ಯನಿಗೆ ಭಯವಾಯಿತು. ಅದನ್ನು ತಿಳಿಯುವುದೇ ಬೇಡ ಅನ್ನಿಸಿತು. ತಿಳಿಯದೆ ಇರಲಾರೆ ಎಂದೂ ಅನ್ನಿಸಿತು. ಮೂರು ಬೆರಳು ಮುಂದೆ ಮಾಡಿದ.

ಅರ್ಧದಲ್ಲೇ ಕೈ ನಿಂತಿತು. ಬೆರಳ ತುದಿಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಒನಕೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಬೆರಳಿಟ್ಟು ಕೂತ. ಅವನ ಕಣ್ಣಲ್ಲಿ ನೀರು ನಿಂತಿತ್ತು.

ಗುರುಗಳು ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ.

"ಅವಸರ ಏನಿಲ್ಲ ಮಗಾ," ಎಂದರು. "ನಾ ಇಲ್ಲೇ ಕುಂತೀನಿ."