ತೂಗುಗುಂಡಿನ ಕೆಳಗೆ ಸಿಂಗಾರಯ್ಯ

ಕಗ್ಗಲ್ಲು ಸೀಮೆಯಲ್ಲಿ ಆಗ ಎಲ್ಲರೂ ನಂಬಿದ್ದು ಇಷ್ಟು: ತೂಗುಗುಂಡಿನ ನೆರಳಲ್ಲಿ ನಿಂತು ಸುಳ್ಳು ಹೇಳಿದರೆ, ಗುಂಡು ಉರುಳಿ ಹೇಳಿದವನ ಮೇಲೆ ಬೀಳುತ್ತದೆ.

ತೂಗುಗುಂಡು ಎಂದರೆ ಒಂದು ಬಂಡೆ. ಮೂರು ಆನೆಗಳನ್ನು ಒಟ್ಟಿಗೆ ಕಟ್ಟಿದಷ್ಟು ದಪ್ಪ. ಬೋಳುಗುಡ್ಡದ ಅಂಚಿನಲ್ಲಿ, ಈಗ ಬೀಳಲೋ ಆಮೇಲೆ ಬೀಳಲೋ ಎಂದು ಯೋಚಿಸುವವರ ಹಾಗೆ ಮುಂದಕ್ಕೆ ಬಾಗಿಕೊಂಡಿತ್ತು. ಅದರ ಕೆಳಗೆ ಒಂದು ಹಾಸುಗಲ್ಲು. ಹಬ್ಬ ಹುಣ್ಣಿಮೆಗೆ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಚಿತ್ರಾನ್ನ ತಿನ್ನುತ್ತಿದ್ದರು. ಇದ್ದಿಲಿನಲ್ಲಿ ಬಂಡೆಗಳ ಮೇಲೆ ತಮ್ಮ ಹೆಸರು ಬರೆಯುತ್ತಿದ್ದರು. ಕೊನೆಗೆ ಹಾಸುಗಲ್ಲಿನ ಮೇಲೆ ನಿಂತು ಒಂದೇ ಒಂದು ನಿಜ ಹೇಳಿ ಓಡಿಬರುತ್ತಿದ್ದರು. ಹೊಸದಾಗಿ ಮದುವೆಯಾದ ಗಂಡಸರಿಗೆ ಮಾತ್ರ ಗುಡ್ಡದ ಬುಡಕ್ಕೆ ಬಂದ ಕೂಡಲೇ ಮಂಡಿ ನೋಯುತ್ತಿತ್ತು.

ಗುಂಡು ಅದುವರೆಗೆ ಯಾರ ಮೇಲೂ ಉರುಳಿರಲಿಲ್ಲ. ಇದಕ್ಕೆ ಜನ ತೆಗೆದ ಅರ್ಥ, ನಮ್ಮ ಸೀಮೆಯಲ್ಲಿ ಸುಳ್ಳುಗಾರರೇ ಇಲ್ಲ ಎಂದು. ಕುದುರೆ ವ್ಯಾಪಾರಿಗಳೂ ಇದನ್ನು ಒಪ್ಪಿದ್ದರು.

ಆ ಸೀಮೆಯನ್ನು ಚೆನ್ನಭೂಪಾಲ ಎಂಬ ರಾಜ ಆಳುತ್ತಿದ್ದ. ಅವನಿಗೆ ಪ್ರಕೃತಿ ಎಂದರೆ ಪ್ರಾಣ. ಪಲ್ಲಕ್ಕಿಯಿಂದ ಇಳಿಯದೆ ನೋಡಬಹುದಾದಷ್ಟು ಪ್ರಕೃತಿ. ಆದ್ದರಿಂದ ಅವನು ಸಿಂಗಾರಯ್ಯ ಎಂಬುವವನನ್ನು ಸೀಮೆಯ ಸೊಬಗಿಗೆಲ್ಲ ಪಾರುಪತ್ತೇಗಾರನನ್ನಾಗಿ ನೇಮಿಸಿದ. ಜನ ಎಲ್ಲಿ ನಿಂತು ಏನು ನೋಡಬೇಕು, ನೋಡಿ ಏನೆನ್ನಬೇಕು ಎಂಬುದನ್ನು ಗೊತ್ತುಮಾಡುವುದು ಅವನ ಕೆಲಸ.

ಸಿಂಗಾರಯ್ಯ ಮೊದಲು ಜಲಪಾತಕ್ಕೆ ಹೋದ. ವರ್ಷದಲ್ಲಿ ಎರಡು ತಿಂಗಳು ಅದರಲ್ಲಿ ನೀರಿರುತ್ತಿತ್ತು. ಅದರ ಎದುರು ಒಂದು ಮಂಟಪ ಕಟ್ಟಿಸಿ, "ಇಲ್ಲಿ ನಿಂತು ಬೆರಗಾಗಿ" ಎಂದು ಕೊರೆಸಿದ. ಮಂಟಪ ಅಡ್ಡಬಂದು ಜಲಪಾತ ಕಾಣದಾಯಿತು. ಬಂದವರು ಬೆರಗಂತೂ ಆದರು.

ಆಮೇಲೆ ಕೆರೆಗೆ ಹೋದ. ದಂಡೆಯಲ್ಲಿ ಅಗಸರು ಬಟ್ಟೆ ಒಗೆಯುತ್ತಿದ್ದರು. ನೋಟ ಕೆಡುತ್ತದೆ ಎಂದು ಅವರನ್ನು ಎಬ್ಬಿಸಿದ. ದಂಡೆ ಬಿಕೋ ಎಂದಿತು. ಅದಕ್ಕೆ ಗಾರೆಯಲ್ಲಿ ನಾಲ್ಕು ಅಗಸರ ಬೊಂಬೆ ಮಾಡಿಸಿ ನಿಲ್ಲಿಸಿದ. ರಾಜ ನೋಡಿ, "ಆಹಾ, ಎಷ್ಟು ಜೀವಕಳೆ!" ಎಂದ.

ಮೂರನೆಯದಾಗಿ ತೂಗುಗುಂಡಿಗೆ ಬಂದ.

ಗುಂಡಿನ ಕೆಳಗಿನ ಇಳಿಜಾರಿನಲ್ಲಿ ಕಲ್ಲುಕುಟಿಗರ ಏಳು ಮನೆಗಳಿದ್ದವು. ತಲೆತಲಾಂತರದಿಂದ ಅಲ್ಲಿಯ ಬಂಡೆ ಸೀಳಿ ಒರಳು, ಬೀಸುಕಲ್ಲು, ಕಲ್ಲುಬಾನಿ ಮಾಡಿ ಬದುಕಿದವರು. ಅವರಲ್ಲಿ ಹಿರಿಯಳು ಈರಕ್ಕ. ಗಂಡ ಸತ್ತ ಮೇಲೆ ಅವನ ಸುತ್ತಿಗೆ ತಾನೇ ಹಿಡಿದವಳು. ಅವಳ ಅಂಗಳದಲ್ಲಿ ನಿಂತರೆ ಸಿಂಗಾರಯ್ಯನಿಗೆ ಒಂದು ವಿಹಾರಮಂದಿರ ಕಾಣುತ್ತಿತ್ತು. ತೂಗುಮಂಚ ಕಾಣುತ್ತಿತ್ತು. ತೂಗುಮಂಚದಲ್ಲಿ ಕೂತು ಗುಂಡು ನೋಡುವ ಪರರಾಜ್ಯದ ಅತಿಥಿಗಳು ಕಾಣುತ್ತಿದ್ದರು. ಕಾಣದೇ ಇದ್ದದ್ದು ಈರಕ್ಕ ಮಾತ್ರ.

"ಏನಮ್ಮಾ ಈರಕ್ಕ, ನಿಮ್ಮ ಒಳ್ಳೆಯದಕ್ಕೇ ಬಂದಿದ್ದೇನೆ," ಎಂದ.

ಈರಕ್ಕ ಸುತ್ತಿಗೆ ಕೆಳಗಿಟ್ಟಳು. ಅಧಿಕಾರಿಗಳು ಈ ಮಾತಿನಿಂದ ಶುರುಮಾಡಿದರೆ ಆ ದಿನ ಕೆಲಸ ಸಾಗುವುದಿಲ್ಲ ಎಂಬುದು ಅವಳ ಅನುಭವ.

"ಹೇಳಿ ಬುದ್ಧಿ."

"ಗುಂಡು ಇನ್ನೇನು ಉರುಳುತ್ತದೆ. ನೀವು ಏಳೂ ಮನೆಯವರು ಇಲ್ಲಿಂದ ಏಳಬೇಕು. ಹೊಳೆ ದಂಡೆಯಲ್ಲಿ ಜಾಗ ಕೊಡಿಸುತ್ತೇನೆ. ಅಪ್ಪಟ ಎರೆಮಣ್ಣು. ಹತ್ತಾಳು ಅಗೆದರೂ ಒಂದು ಕಲ್ಲು ಸಿಗಲ್ಲ."

"ನಾವು ಕಲ್ಲು ಕೆಲಸದೋರು ಬುದ್ಧಿ."

"ಅದಕ್ಕೇ ಹೇಳಿದ್ದು. ಆ ಕಷ್ಟ ತಪ್ಪಿತಲ್ಲ!"

"ಕಷ್ಟದ ಜೊತೆ ಊಟಾನೂ ತಪ್ಪುತ್ತೆ. ಅದಿರಲಿ, ಇಷ್ಟು ದಿನ ಉರುಳದ ಗುಂಡು ಈಗ ಯಾಕೆ ಉರುಳುತ್ತೆ?"

"ಈ ಕೇರಿಯಲ್ಲಿ ಸುಳ್ಳು ಜಾಸ್ತಿಯಾಗಿದೆ."

ಈರಕ್ಕ ನಕ್ಕಳು. "ಸೊಸೆ ಮಾಡೋ ಸಾರು ಚೆನ್ನಾಗಿದೆ ಅಂತ ಹನ್ನೆರಡು ವರ್ಷದಿಂದ ಹೇಳ್ತಾ ಇದೀನಿ. ಇನ್ನೂ ಉರುಳಿಲ್ಲ."

ಒಳಗೆ ಯಾರೋ ಪಾತ್ರೆ ಕುಕ್ಕಿದ ಸದ್ದಾಯಿತು.

"ನೋಡಿದೆಯಾ, ನೀನೇ ಬಾಯಿಬಿಟ್ಟೆ!" ಸಿಂಗಾರಯ್ಯ ಬೆರಳೆತ್ತಿದ. "ನೆರಳೊಳಗೆ ನಿಂತು ಹೇಳಿಲ್ಲ ಅಂತ ಗುಂಡು ಸುಮ್ಮನಿದೆ. ಕೋಪವನ್ನು ಒಳಗೇ ಕೂಡಿಡುತ್ತಿದೆ."

ಅಷ್ಟರಲ್ಲಿ ಅವನ ಕಡೆಯವರು ಅಂಗಳದಲ್ಲಿ ಹಗ್ಗ ಹಿಡಿದು ಗೂಟ ಹೊಡೆಯತೊಡಗಿದ್ದರು. "ಇದೇನು ಬುದ್ಧಿ?" ಎಂದು ಈರಕ್ಕ ಕೇಳಿದಳು.

"ವಿಹಾರಮಂದಿರ. ಅತಿಥಿಗಳಿಗೆ."

"ಅವರ ಮೇಲೆ ಉರುಳಲ್ವಾ?"

"ಅತಿಥಿಗಳು ದೊಡ್ಡ ಮನುಷ್ಯರಮ್ಮ. ಅವರು ಸುಳ್ಳು ಹೇಳುವುದಿಲ್ಲ."

"ಗುಂಡು ಉರುಳಲ್ಲ ಬುದ್ಧಿ. ನಾವು ಕಲ್ಲಿನ ಜೊತೆ ಬಾಳಿದೋರು, ನಮ್ಮ ಮಾತು ಕೇಳಿ."

"ಕಲ್ಲಿನ ಬಗ್ಗೆ ಹೇಳಲು ಅರಮನೆಯಲ್ಲಿ ಪಂಡಿತರಿದ್ದಾರೆ," ಎಂದು ಸಿಂಗಾರಯ್ಯ ಹೊರಟ.

ರಾಜನನ್ನು ನಂಬಿಸಲು ಸಾಕ್ಷಿ ಬೇಕು. ಸಿಂಗಾರಯ್ಯ ಮೂರು ಸಾಕ್ಷಿ ತಯಾರಿಸಿದ.

ಮೊದಲನೆಯದು ಸಂದು. ಗುಂಡಿನ ಬುಡದಲ್ಲಿ, ಮುಂಭಾಗದ ಸೀಳಿನಲ್ಲಿ ತುಂಬಿದ್ದ ಮಣ್ಣನ್ನು ಒಬ್ಬ ಆಳಿನಿಂದ ಕೆರೆಸಿದ. ರಾಜನನ್ನು ಕರೆತಂದು, "ಮಹಾಸ್ವಾಮಿ, ಹೋದ ತಿಂಗಳು ಇಲ್ಲಿ ಒಂದು ಬೆರಳು ಹೋಗುತ್ತಿತ್ತು. ಈಗ ಮೂರು ಬೆರಳು ಹೋಗುತ್ತದೆ," ಎಂದ. ರಾಜ ಪಲ್ಲಕ್ಕಿಯಲ್ಲಿ ಕೂತೇ ತನ್ನ ಮೂರು ಬೆರಳು ನೋಡಿಕೊಂಡ. "ದೊಡ್ಡ ಸಂದು," ಎಂದ.

ಎರಡನೆಯದು ಜಲ್ಲಿ. ಅದೇ ಆಳನ್ನು ಗುಂಡಿನ ಮಗ್ಗುಲ ಪೊದೆಯಲ್ಲಿ ಕೂರಿಸಿದ. ರಾಜ ನೋಡುತ್ತಿದ್ದಾಗ ಆಳು ಮೂರು ಬೊಗಸೆ ಜಲ್ಲಿ ಉರುಳಿಸಿದ. ಕಲ್ಲುಗಳು ಈರಕ್ಕನ ಮನೆಯ ಹಂಚಿನ ಮೇಲೆ ಟಪಟಪ ಬಿದ್ದವು. ಧೂಳಿಗೆ ಆಳಿಗೆ ಕೆಮ್ಮು ಬಂತು.

"ಗುಂಡು ಕೆಮ್ಮಿತೇ?" ರಾಜ ಕೇಳಿದ.

"ಬಾಗಿ ಬಾಗಿ ಎದೆ ಕಟ್ಟಿದೆ, ಮಹಾಸ್ವಾಮಿ."

ಮೂರನೆಯದು ಪಂಡಿತ. ಅವನು ಅರಮನೆಯಲ್ಲೇ ಕೂತು ಕಣ್ಣುಮುಚ್ಚಿ, ಗುಂಡು ದಿನಕ್ಕೆ ಒಂದು ಎಳ್ಳಿನಷ್ಟು ಮುಂದೆ ಜರುಗುತ್ತಿದೆ ಎಂದು ಹೇಳಿದ. ಮುತ್ತಜ್ಜಂದಿರ ಕಾಲದಿಂದ ಆ ಪ್ರಕಾರ ಜರುಗಿದ್ದರೆ ಅದು ಎಂದೋ ಗುಡ್ಡ ಇಳಿದು ಏಳು ಮನೆಗಳನ್ನು ದಾಟಿ ಹೋಗಿರಬೇಕಿತ್ತು. ಆದರೆ ಪಂಡಿತ ಕಣ್ಣುಮುಚ್ಚಿ ಹೇಳಿದ ಮಾತನ್ನು ಕಣ್ಣುಬಿಟ್ಟು ಪರೀಕ್ಷಿಸುವುದು ಆ ಅರಮನೆಯ ವಾಡಿಕೆಯಲ್ಲ.

ಅಪ್ಪಣೆ ಹೊರಟಿತು. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಏಳು ಮನೆ ಖಾಲಿಯಾಗಬೇಕು, ಗುಂಡು ಬೀಳುವ ಅಪಾಯವಿದೆ. ಅದೇ ಶುಕ್ರವಾರ ಬೆಳಿಗ್ಗೆ, ಅದೇ ಜಾಗದಲ್ಲಿ, ವಿಹಾರಮಂದಿರಕ್ಕೆ ಗುದ್ದಲಿಪೂಜೆ. ಎರಡನ್ನೂ ಒಂದೇ ಉಸಿರಿನಲ್ಲಿ ಸಾರಿದ ಡಂಗುರದವನಿಗೂ ಏನೂ ವಿಚಿತ್ರವೆನಿಸಲಿಲ್ಲ.

ಕೇರಿಯಲ್ಲಿ ಆರು ಮನೆಯವರು ಗಂಟುಮೂಟೆ ಕಟ್ಟಿದರು. ಏಳನೆಯ ಮನೆಯಲ್ಲಿ ಸೊಸೆ ಮಲ್ಲಕ್ಕ ಒರಳಿನ ಪಕ್ಕ ನಿಂತಿದ್ದಳು.

"ಅತ್ತೆ, ಇದನ್ನ ಗಾಡಿಗೆ ಹಾಕ್ಸಲಾ?"

"ಬೇಡ."

"ಸಾರಿನ ವಿಷಯ ಆಮೇಲೆ ಮಾತಾಡೋಣ. ಅದನ್ನ ನಾನು ಮರೆತಿಲ್ಲ," ಎಂದಳು ಮಲ್ಲಕ್ಕ. ಆಮೇಲೆ ದನಿ ತಗ್ಗಿಸಿ, "ಆ ಎರೆಮಣ್ಣಲ್ಲಿ ನಾವು ಏನು ಕಡೀತೀವಿ ಅತ್ತೆ? ಮಕ್ಕಳ ಹೊಟ್ಟೆಗೆ ಏನು ಹಾಕ್ತೀವಿ?"

"ಇಲ್ಲೇ ಇರ್ತೀವಿ. ಒಲೆ ಹಚ್ಚು."

"ಹೆಂಗೆ ಇರ್ತೀವಿ? ಅವನ ಹತ್ತಿರ ಮೂರು ಸಾಕ್ಷಿ ಇದೆ. ರಾಜನ ಮುದ್ರೆ ಇದೆ. ನಮ್ಮ ಹತ್ತಿರ ಏನಿದೆ?"

"ಅವನು ಹೇಳಿದ ಮಾತೇ ಇದೆಯಲ್ಲ. ಸಾಕು," ಎಂದಳು ಈರಕ್ಕ.

ಶುಕ್ರವಾರ ಬಂತು. ರಾಜ ಬಂದ, ಪಂಡಿತ ಬಂದ, ಸಿಂಗಾರಯ್ಯ ಜರಿಯ ರುಮಾಲು ಸುತ್ತಿಕೊಂಡು ಬಂದ. ಮನೆಗಳು ಖಾಲಿಯಾಗುವುದನ್ನು ನೋಡಲು ಸುತ್ತಲ ಊರಿನವರು ಬುತ್ತಿ ಸಮೇತ ಬಂದರು. ಗುದ್ದಲಿಪೂಜೆ ಬಹಳ ಹೊತ್ತು ನಡೆಯಿತು. ಮುಗಿದ ಮೇಲೆ ಈರಕ್ಕ ಪಲ್ಲಕ್ಕಿಯ ಮುಂದೆ ಬಂದು ಕೈಮುಗಿದಳು.

"ದೊರೆಗಳು ಅಪ್ಪಣೆ ಮಾಡಿದೀರಿ. ಹೋಗೋ ಮುಂಚೆ ಒಂದು ಪರೀಕ್ಷೆ ಆಗಲಿ. ಈ ಗುಂಡು ಉರುಳಲ್ಲ ಅಂತ ನಾನು ಅದರ ಕೆಳಗೆ ನಿಂತು ಹೇಳ್ತೀನಿ. ಇನ್ನೇನು ಉರುಳುತ್ತೆ ಅಂತ ಪಾರುಪತ್ತೇಗಾರರೂ ಅಲ್ಲೇ ನಿಂತು ಹೇಳಲಿ. ಸುಳ್ಳು ಯಾರದು ಅಂತ ಅದೇ ತೋರಿಸುತ್ತೆ. ನಾನು ಸೋತರೆ ಮನೆ ಖಾಲಿ ಮಾಡಿಸೋ ತೊಂದರೆಯೂ ನಿಮಗಿರಲ್ಲ."

ರಾಜನಿಗೆ ನ್ಯಾಯದ ಮೇಲೆ ಅಂಥ ಹಂಬಲವೇನಿರಲಿಲ್ಲ. ಆದರೆ ಬೆಳಗಿನಿಂದ ಗುದ್ದಲಿಯನ್ನೇ ನೋಡಿ ನೋಡಿ ಬೇಸರವಾಗಿತ್ತು. "ಆಗಲಿ," ಎಂದ.

ಈರಕ್ಕ ಹಾಸುಗಲ್ಲಿನ ಮೇಲೆ ಹತ್ತಿದಳು. "ಈ ಗುಂಡು ಉರುಳಲ್ಲ," ಎಂದಳು. ಜನ ಉಸಿರು ಬಿಗಿಹಿಡಿದರು. ಏನೂ ಆಗಲಿಲ್ಲ. ಎರಡನೆಯ ಸಲ ಹೇಳಿದಳು. ಜನ ಅರ್ಧ ಉಸಿರು ಹಿಡಿದರು. ಏನೂ ಆಗಲಿಲ್ಲ. ಮೂರನೆಯ ಸಲ ಹೇಳುವ ಹೊತ್ತಿಗೆ ಕೆಲವರು ಬುತ್ತಿ ಬಿಚ್ಚಿದ್ದರು. ಈರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಕೆಳಗಿಳಿದಳು.

"ಈಗ ನೀವು ಬುದ್ಧಿ."

ಸಿಂಗಾರಯ್ಯ ಓದಿಕೊಂಡವನು. ಗುಂಡಿನ ಕತೆಯನ್ನು ಅವನು ನಂಬುತ್ತಿರಲಿಲ್ಲ. ಆದರೆ ಅವನು ಹುಟ್ಟಿದ್ದೂ ಕಗ್ಗಲ್ಲು ಸೀಮೆಯಲ್ಲೇ. ಅವನ ಅಜ್ಜಿ ತೂಗುಗುಂಡಿನ ಹೆದರಿಕೆ ಹಾಕಿಯೇ ಅವನಿಗೆ ಮುದ್ದೆ ನುಂಗಿಸಿದ್ದಳು. ತಲೆ ನಂಬದಿದ್ದರೂ ಕಾಲು ನಂಬಿತ್ತು.

ನಾಲ್ಕು ಹೆಜ್ಜೆ ಇಟ್ಟು ನಿಂತ. "ಗಂಟಲು ಒಣಗಿದೆ," ಎಂದ. ನೀರು ಕೊಟ್ಟರು. ಮತ್ತೆ ನಾಲ್ಕು ಹೆಜ್ಜೆ. "ಕಾಲಿಗೆ ಮುಳ್ಳು ಚುಚ್ಚಿದೆ," ಎಂದ. ಮಲ್ಲಕ್ಕನೇ ಬಂದು ನೋಡಿ, "ಮುಳ್ಳೇ ಇಲ್ಲ," ಎಂದಳು. ಮತ್ತೆ ಎರಡು ಹೆಜ್ಜೆ. "ಮುಹೂರ್ತ ಸರಿಯಿಲ್ಲ," ಎಂದ.

"ಗುದ್ದಲಿಪೂಜೆಗೆ ಸರಿಯಿತ್ತಲ್ಲ ಸ್ವಾಮಿ!" ಎಂದು ಗುಂಪಿನಿಂದ ಯಾರೋ ಕೂಗಿದರು. "ಬೇಗ ಹೇಳಿ ಇಳೀರಿ, ದನ ಹೊಡ್ಕೊಂಡು ಹೋಗ್ಬೇಕು!"

ಸಿಂಗಾರಯ್ಯ ನೆರಳಿನ ಅಂಚಿಗೆ ಬಂದಿದ್ದ. ಅಲ್ಲಿ ನಿಂತು, ಓದಿದ್ದನ್ನೆಲ್ಲ ಒಮ್ಮೆಗೇ ಬಳಸಿ ಯೋಚಿಸಿದ. ಗುಂಡು ಇನ್ನೇನು ಉರುಳುತ್ತದೆ ಎನ್ನುವುದು ನಿಜವಾದರೆ, ಅದು ಇನ್ನೇನು ಉರುಳುತ್ತದೆ. ಸುಳ್ಳಾದರೆ, ಸುಳ್ಳು ಹೇಳಿದ್ದಕ್ಕೆ ಉರುಳುತ್ತದೆ. ಹೇಗೆ ನೋಡಿದರೂ ಕೆಳಗೆ ಇರುವವನು ತಾನೇ.

"ಪಂಡಿತರೇ," ಎಂದ ಸಣ್ಣ ದನಿಯಲ್ಲಿ, "ಇದಕ್ಕೆ ಮೂರನೆಯ ದಾರಿ ಏನಾದರೂ ಇದೆಯೇ?"

ಪಂಡಿತ ಈ ಸಲ ಕಣ್ಣುಬಿಟ್ಟುಕೊಂಡೇ ಯೋಚಿಸಿದ. "ಇಲ್ಲ," ಎಂದು ಹೇಳಿ ಹತ್ತು ಮಾರು ಹಿಂದೆ ಸರಿದ.

"ಒಂದೇ ಮಾತು ಬುದ್ಧಿ," ಎಂದಳು ಈರಕ್ಕ. "ನನ್ನ ಅಂಗಳದಲ್ಲಿ ನಿಂತು ಎಷ್ಟು ಸಲೀಸಾಗಿ ಹೇಳಿದ್ರಿ!"

ಸಿಂಗಾರಯ್ಯನ ರುಮಾಲು ಬೆವರಿಗೆ ಕಿವಿಗೆ ಇಳಿದಿತ್ತು. ಅವನು ಗುಂಡನ್ನು ನೋಡಿದ. ಗುಂಡು ಎಂದಿನಂತೆ ಬಾಗಿಕೊಂಡಿತ್ತು. ಅವನು ಹಿಂದಕ್ಕೆ ಹಾರಿ ಬಂದು ಪಲ್ಲಕ್ಕಿಯ ಕಾಲು ಹಿಡಿದ.

"ತಪ್ಪಾಯಿತು ಮಹಾಸ್ವಾಮಿ. ಗುಂಡು ಜರುಗಿಲ್ಲ. ಮಣ್ಣು ಕೆರೆಸಿದ್ದು ನಾನು. ಜಲ್ಲಿ ಉರುಳಿಸಿದ್ದು ನಾನು. ಪಂಡಿತರಿಗೆ ಎಳ್ಳು ಅಂತ ಹೇಳಿಕೊಟ್ಟಿದ್ದೂ ನಾನು."

"ಕೆಮ್ಮಿದ್ದು?" ರಾಜ ಕೇಳಿದ.

"ನಮ್ಮ ಆಳು, ಮಹಾಸ್ವಾಮಿ."

ರಾಜನಿಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಗುಂಡು ಕೆಮ್ಮಿತು ಎಂದು ಅವನು ರಾಣಿಗೆ ಹೇಳಿದ್ದ. ರಾಣಿ ಅಕ್ಕಪಕ್ಕದ ಮೂರು ರಾಜ್ಯಗಳ ರಾಣಿಯರಿಗೆ ಓಲೆ ಬರೆದಿದ್ದಳು.

ಏಳು ಮನೆಗಳ ಅಪ್ಪಣೆಯನ್ನು ಅಲ್ಲೇ ಹರಿದು ಹಾಕಿದರು. ಗೂಟ ಕಿತ್ತರು. ಆರು ಮನೆಯವರು ಗಂಟು ಬಿಚ್ಚಿದರು. ಸಿಂಗಾರಯ್ಯನ ಪಾರುಪತ್ಯ ಹೋಯಿತು. ಅವನಿಗೆ ಸಿಕ್ಕಿದ್ದು ಬೇರೆ ಕೆಲಸ: ದಿನಾ ಹಾಸುಗಲ್ಲಿನ ಮೇಲೆ ನಿಂತು, ಬಂದವರಿಗೆಲ್ಲ ತೂಗುಗುಂಡಿನ ಸ್ಥಳಪುರಾಣ ಹೇಳುವುದು. ಹಿಂದೆ ಅರಮನೆಯಲ್ಲಿ ಅದನ್ನು ಹೇಳಲು ಅವನಿಗೆ ಅರ್ಧ ದಿನ ಬೇಕಾಗುತ್ತಿತ್ತು. ಅದರಲ್ಲಿ ದೇವತೆಗಳಿದ್ದರು, ರಾಕ್ಷಸರಿದ್ದರು, ರಾಜನ ಪೂರ್ವಿಕರಂತೂ ಇದ್ದೇ ಇದ್ದರು. ಈಗ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. "ಇದು ಗುಂಡು," ಎನ್ನುತ್ತಿದ್ದ. ಮೇಲೆ ನೋಡುತ್ತಿದ್ದ. "ದೊಡ್ಡದು," ಎನ್ನುತ್ತಿದ್ದ. ಅಷ್ಟೇ. ಕಗ್ಗಲ್ಲು ಸೀಮೆಯಲ್ಲಿ ಅಷ್ಟು ಪ್ರಾಮಾಣಿಕವಾದ ಸ್ಥಳಪುರಾಣ ಇನ್ನೊಂದಿರಲಿಲ್ಲ.

ಕೇಳುತ್ತ ಕೂತವರು ನೀತಿ ಏನು ಎಂದು ಕೇಳುತ್ತೀರಿ. ನೀತಿ ಇದು: ಇದು ನಿಮ್ಮ ತಲೆಯ ಮೇಲೆ ಬೀಳುತ್ತದೆ, ನಿಮ್ಮ ಒಳ್ಳೆಯದಕ್ಕೇ ಜಾಗ ಬಿಡಿ ಎಂದು ಯಾರಾದರೂ ಹೆದರಿಸಿದರೆ, ಮೊದಲು ಅವನನ್ನೇ ಅದರ ಕೆಳಗೆ ಒಂದು ಗಳಿಗೆ ನಿಲ್ಲಿಸಿ ನೋಡಬೇಕು.

ಕಗ್ಗಲ್ಲು ಸೀಮೆಯ ಜನ ಕಲಿತದ್ದು ಬೇರೆ. ಗುಂಡು ಅಲುಗಾಡದೆಯೇ ಸುಳ್ಳುಗಾರನನ್ನು ಹಿಡಿಯಿತು, ಅದರ ಮಹಿಮೆ ನಾವು ತಿಳಿದದ್ದಕ್ಕಿಂತ ದೊಡ್ಡದು ಎಂದರು. ಮುಂದಿನ ಹಬ್ಬಕ್ಕೆ ಎರಡರಷ್ಟು ಜನ ಬಂದರು. ಗಂಡಸರಿಗೆ ಮಂಡಿಯ ಜೊತೆ ಸೊಂಟವೂ ನೋಯತೊಡಗಿತು. ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಈರಕ್ಕನನ್ನು ಯಾರೂ ಕೇಳಲಿಲ್ಲ. ಸತ್ಯವಂತೆ ಎಂದು ಕಾಲಿಗೆ ಬಿದ್ದು ಹೋದರು. ಅವಳು ಸತ್ಯವಂತೆಯೇನಲ್ಲ, ಸಾರಿನ ವಿಷಯ ನಿಮಗೇ ಗೊತ್ತು.

ಗುಂಡನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ ನೋಡಿದ ಯಾವ ಕಲ್ಲುಕುಟಿಗನಿಗೂ ಅವಳ ಧೈರ್ಯದ ಗುಟ್ಟು ತಿಳಿಯುತ್ತಿತ್ತು. ಗುಂಡು ಗುಡ್ಡದ ಮೇಲೆ ಕೂತ ಕಲ್ಲಲ್ಲ. ಗುಡ್ಡವೂ ಗುಂಡೂ ಒಂದೇ ಕಲ್ಲು.