ನೂರು ಹೆಸರಿನ ಹಾಳೆ

ತುಂಗಭದ್ರೆಯ ದಡದಲ್ಲಿ ಒಂದು ಸಣ್ಣ ಮಠ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಶಿಷ್ಯ ಕೊಟ್ರೇಶ ವಿಮೆ ಮಾರುವ ಕೆಲಸದ ಸಂದರ್ಶನ ಮುಗಿಸಿ ಪೇಟೆಯಿಂದ ಬಂದ. ಚಪ್ಪಲಿ ಬಿಸಾಡಿದ ರೀತಿಯಲ್ಲೇ ಅವನ ಸಿಟ್ಟು ಗೊತ್ತಾಗುತ್ತಿತ್ತು.

"ಕೆಲಸ ಸಿಕ್ತೇನಲೇ?"

"ಸಿಕ್ತು ಅಜ್ಜಾರೆ. ಸಂಬಳ ಇಲ್ಲ, ಬರೀ ಕಮಿಷನ್. ನನ್ನ ಮಾರ್ಕ್ಸ್ ಕಾರ್ಡನ್ನ ಆ ಸಾಹೇಬ ಕಣ್ಣೆತ್ತಿಯೂ ನೋಡ್ಲಿಲ್ಲ. ಒಂದು ಹಾಳೆ ಕೊಟ್ಟು, ಗೊತ್ತಿರೋರ ನೂರು ಹೆಸರು ಬರ್ಕೊಂಡು ನಾಳೆ ಹತ್ತು ಗಂಟೆಗೆ ಬಾ, ಸೇರಿಸ್ಕೋತೀನಿ ಅಂದ. ಇದೂ ಒಂದು ಸಂದರ್ಶನಾನಾ?"

"ಬರೆದೆಯಾ?"

"ಬಸ್ಸಲ್ಲೇ ಬರೆದೆ. ಮೂವತ್ತೆರಡಾಯ್ತು ನನಗೆ. ಮನೇಲಿ ಅವ್ವನ ಮುಖ ನೋಡಕ್ಕಾಗಲ್ಲ. ಇದೂ ಬಿಟ್ರೆ ಇನ್ನೇನಿದೆ?"

ಬಾಯಿ ಬೈಯುತ್ತಿತ್ತು, ಕೈ ಆಗಲೇ ಬರೆದು ಮುಗಿಸಿತ್ತು. ನಾವೆಲ್ಲ ಹೀಗೇ.

ಅಜ್ಜಾರು ಹಾಳೆ ಇಸಿದುಕೊಂಡು ಓದಿದರು. ಮಠಕ್ಕೆ ಬಂದು ಕಷ್ಟ ಹೇಳಿಕೊಂಡು ಅತ್ತವರೆಲ್ಲ ಅದರಲ್ಲಿದ್ದರು.

"ನನ್ನ ಹೆಸರೇ ಇಲ್ಲ?"

"ನಿಮಗೆ ವಯಸ್ಸು ದಾಟಿದೆ ಅಜ್ಜಾರೆ. ಪಾಲಿಸಿ ಕೊಡಲ್ಲ."

ಅಜ್ಜಾರ ಮುಖ ಕೆಂಪಾಯಿತು.

"ಗಂಗವ್ವನ ಹೆಸರಿನ ಮುಂದೆ ಇದೇನು ಗುರುತು?"

ಕೊಟ್ರೇಶ ತಲೆ ತಗ್ಗಿಸಿದ. "ಗಂಡ ಹೋದ ಮನೆ ಇದ್ರೆ ಗುರುತು ಹಾಕು, ಮೊದಲು ಅಲ್ಲಿಗೇ ಹೋಗು ಅಂದ ಸಾಹೇಬ. ಅವರಿಗೆ ಸಾವಿನ ಹೆದರಿಕೆ ಇನ್ನೂ ಆರಿರಲ್ಲವಂತೆ."

"ಥೂ!" ಎಂದರು ಅಜ್ಜಾರು. ಅವರ ಬಾಯಲ್ಲಿ ಅಂಥ ಮಾತನ್ನು ಕೊಟ್ರೇಶ ಕೇಳಿದ್ದು ಅದೇ ಮೊದಲು.

ಗಂಗವ್ವ ಹೊಳೆಯಲ್ಲಿ ದಾಸೋಹದ ಪಾತ್ರೆ ತಿಕ್ಕುತ್ತಿದ್ದಳು. ಅಜ್ಜಾರು ಅವಳನ್ನು ಕೂಗಿ ಕರೆದರು.

"ನಮ್ಮ ಕೊಟ್ರೇಶನಿಗೆ ಯಾವುದೋ ಕಾಗದಕ್ಕೆ ನಿನ್ನ ಹೆಬ್ಬೆಟ್ಟು ಬೇಕಂತೆ ನೋಡವ್ವ."

ಯಾವ ಕಾಗದ, ಯಾತಕ್ಕೆ ಎಂದು ಗಂಗವ್ವ ಕೇಳಲಿಲ್ಲ. ಅವಳ ವಿಧವಾ ವೇತನದ ಅರ್ಜಿ ತುಂಬಿ, ತಾಲ್ಲೂಕು ಕಚೇರಿಗೆ ಮೂರು ಸಲ ಅಲೆದವನು ಕೊಟ್ರೇಶನೇ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆರಳು ಚಾಚಿದಳು.

"ಎಲ್ಲಿ ಒತ್ತಬೇಕಪ್ಪ?"

ಕೊಟ್ರೇಶ ಅಜ್ಜಾರ ಕೈಯಿಂದ ಹಾಳೆ ಕಿತ್ತುಕೊಂಡ. "ಏನೂ ಬೇಡವ್ವ, ನೀನು ಹೋಗು," ಎಂದ. ಅವಳು ಹೋದ ಮೇಲೆ ಹಾಳೆಯನ್ನು ಹರಿದು ಚೂರುಚೂರು ಮಾಡಿದ.

"ಆ ಸಾಹೇಬನ ಮನೆ ಹಾಳಾಗ!"

"ಅವನನ್ನ ಯಾಕೆ ಬೈತಿ? ಗಂಗವ್ವ ಯಾರಂತ ಅವನಿಗೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು."

ಕೊಟ್ರೇಶ ಸಿಡಿದ. "ನಿಮಗೇನು ಅಜ್ಜಾರೆ, ಎರಡು ಹೊತ್ತು ದಾಸೋಹ ನಡೀತದೆ! ನಾನೆಲ್ಲಿಗೆ ಹೋಗ್ಲಿ? ಈ ಕೆಲಸವೇ ಬೇಡ ಅಂತೀರಾ?"

"ಬೇಡ ಅಂದೆನಾ ನಾನು? ಅವಳ ಗಂಡ ಒಂದು ವಿಮೆ ಮಾಡಿಸಿದ್ರೆ ಅವಳಿಗೆ ಈ ಗತಿ ಬರ್ತಿರ್ಲಿಲ್ಲ. ನಾಳೆ ಹಾಳೆ ಇಲ್ದೆ ಖಾಲಿ ಕೈಲೇ ಹೋಗಿ ಕೆಲಸ ಕೇಳು."

"ಕೆಲಸ ಕೊಟ್ರೂ, ಗೊತ್ತಿಲ್ಲದೋರು ನನ್ನ ಹತ್ರ ಯಾಕೆ ತಗೋತಾರೆ? ಮುಖದ ಮೇಲೇ ಬೇಡ ಅಂತಾರೆ!"

"ಹಾಗೆ ಬೇಡ ಅನ್ನೋಕಾಗೋರ ಬಾಗಿಲಿಗೆ ಮಾತ್ರ ಹೋಗು. ಗಂಗವ್ವನಿಗೆ ಅದಾಗಲ್ಲ."