ಬಾವುಟ ಕಂಡ ಬೆಂಕಿ

ಹಡಗೊಡೆದು ದ್ವೀಪ ಸೇರಿದವನೊಬ್ಬ ಏಳು ವರ್ಷ ಆರದಂತೆ ಕಾಯ್ದುಕೊಂಡ ಬೆಂಕಿಗೆ ಒಂದು ಬೆಳಿಗ್ಗೆ ದೂರದಲ್ಲಿ ಹಡಗು ಕಂಡಿತು. "ನಮ್ಮೊಡೆಯನ ದೇಶದ ಬಾವುಟ!" ಎಂದು ಅದು ಕುಣಿದಾಡಿತು.

"ಸುಮ್ಮನಿರು ಮಾರಾಯ್ತಿ," ಎಂದಿತು ಕಡಲಹಕ್ಕಿ. "ಆ ಹಡಗಿನ ಕಂಬದ ಮೇಲೆ ಕೂತು ಬಂದವಳು ನಾನು. ಅವರು ಕಡಲ್ಗಳ್ಳರು. ಬಾವುಟ ನಿನ್ನೆ ಸುಟ್ಟ ಹಡಗಿನಿಂದ ಕಿತ್ತದ್ದು. ಸಿಕ್ಕವರಿಗೆ ಸರಪಳಿ ತೊಡಿಸಿ ಮಾರುತ್ತಾರೆ. ಇನ್ನೂ ಈ ಕಡೆ ನೋಡಿಲ್ಲ, ಬೇಗ ಆರಿಬಿಡು."

ಬೆಂಕಿ ಹೆದರಿ ಬೂದಿಯೊಳಗೆ ಮುದುರಿಕೊಂಡಿತು. ಅಷ್ಟರಲ್ಲಿ ಅವನು ಗುಡಿಸಲಿನ ಬಾಗಿಲನ್ನೇ ಕಿತ್ತು ತಂದು, "ಈಗ ಕೈಬಿಡಬೇಡ ತಾಯಿ!" ಎಂದು ಅಳುತ್ತ ಅದರ ಮೇಲೆ ಹಾಕಿದ. ಕಟ್ಟಿಗೆ ಬೇಡವೆನ್ನಲು ಬೆಂಕಿಗೆ ಬರುತ್ತದೆಯೇ? ಅದು ತೆಂಗಿನೆತ್ತರಕ್ಕೆ ಎದ್ದಿತು. ಹಡಗು ದ್ವೀಪದತ್ತ ತಿರುಗಿದಾಗ ಅವನು ಬೆಂಕಿಗೆ ಕೈಮುಗಿದ.